ಪ್ಲಸ್ ಕಂಡರೆ ಮುಟ್ಟಬೇಡಿ

2021ರ ಜನವರಿಯಲ್ಲಿ ನಮ್ಮ ದೂರವಾಣಿ ಲೋಕದಲ್ಲಿ ಒಂದು ಹೊಸ ನಿಯಮ ಬಂತು. ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಕರೆ ಮಾಡುವವರು ಹತ್ತಂಕಿಯ ನಂಬರಿಗೆ ಮೊದಲು ಒಂದು ಸೊನ್ನೆ ಒತ್ತಬೇಕು ಎಂಬುದು ಆ ನಿಯಮ. ನಾನು ಹೇಳಹೊರಟಿರುವುದು ಅದರ ಮರುವರ್ಷದ ಮಾತು. ಆಗ ನಾನು ಲಿಂಗಸುಗೂರಿನ ದೂರವಾಣಿ ಕಚೇರಿಯಲ್ಲಿ ಉಪವಿಭಾಗದ ಎಂಜಿನಿಯರ್ ಆಗಿದ್ದೆ. ಮಸ್ಕಿ, ಗುರುಗುಂಟಾ, ಸಂತೆಕಲ್ಲೂರು ಎಲ್ಲ ನನ್ನ ವ್ಯಾಪ್ತಿಗೆ ಬರುತ್ತಿದ್ದವು. ಮನೆ ಇದ್ದದ್ದು ಸಿಂಧನೂರಿನಲ್ಲಿ. ದಿನಾ ಬೆಳಿಗ್ಗೆ ಬಸ್ಸು ಹತ್ತಿ, ಮಸ್ಕಿಯ ಗುಡ್ಡ ನೋಡುತ್ತಾ ಹೋಗಿ, ಸಂಜೆ ಅದೇ ಗುಡ್ಡ ನೋಡುತ್ತಾ ವಾಪಸು ಬರುವುದು ನನ್ನ ಕ್ರಮ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು.

ನಂಬರುಗಳ ಮುಂದೆ ಕೂತಿರುವ ಅಂಕಿಗಳೇ ನನಗೆ ಮೂವತ್ತು ವರ್ಷ ಅನ್ನ ಹಾಕಿದವು. ಸಿಂಧನೂರಿಗೆ 08535, ಲಿಂಗಸುಗೂರಿಗೆ 08537. ಇವನ್ನು ಎಸ್‌ಟಿಡಿ ಕೋಡ್ ಎನ್ನುತ್ತೇವೆ, ಅಂದರೆ ಊರಿನಿಂದ ಊರಿಗೆ ದಾರಿ ತೋರಿಸುವ ಅಂಕಿಗಳು. ಮಸ್ಕಿ ಆಗ ಲಿಂಗಸುಗೂರಿನ ಕೋಡಿನ ಕೆಳಗೆ, ಬಳಗಾನೂರು ಸಿಂಧನೂರಿನ ಕೋಡಿನ ಕೆಳಗೆ. ಬೈಕಿನಲ್ಲಿ ಹೋದರೆ ಅರ್ಧ ಗಂಟೆಯ ದಾರಿ, ಆದರೂ ಕೋಡ್ ಬೇರೆ. ಎಸ್‌ಟಿಡಿ ಬೂತುಗಳ ಕಾಲದಲ್ಲಿ ಬಳಗಾನೂರಿನ ಬೀಗರಿಗೆ ಫೋನ್ ಮಾಡಲು ಬಂದ ಮಸ್ಕಿಯವರು, ಓಡುವ ಮೀಟರನ್ನು ನೋಡುತ್ತಾ, ಆಟೋ ಮೀಟರ್ ನೋಡಿದವರ ಹಾಗೆ ಮಾತು ನುಂಗುತ್ತಿದ್ದರು. ಆಗ ಕೋಡ್ ಎಂದರೆ ದೂರ, ದೂರ ಎಂದರೆ ದುಡ್ಡು. ಆ ಭಯ ಜನರ ಬೆರಳುಗಳಲ್ಲಿ ಎಷ್ಟು ಆಳವಾಗಿ ಉಳಿದಿದೆ ಎಂದು ನನಗೆ ಗೊತ್ತಾಗಲು ಒಬ್ಬ ಕುರಿಗಾರ ಕಳೆದುಹೋಗಬೇಕಾಯಿತು.

ಆ ವರ್ಷ ಮೇಲಿನಿಂದ ಒಂದು ಸೂಚನೆ ಬಂದಿತ್ತು. ಫೋನ್ ಮೋಸಗಳು ಹೆಚ್ಚಾಗಿವೆ, ಅಧಿಕಾರಿಗಳು ಹಳ್ಳಿಗಳಿಗೆ ಹೋಗಿ ತಿಳಿವಳಿಕೆ ಕೊಡಬೇಕು ಎಂದು. ಮಾತಾಡುವುದೆಂದರೆ ನನಗೆ ಮೊದಲಿನಿಂದಲೂ ಹುಮ್ಮಸ್ಸು. ಫೈಬರ್ ಕೇಬಲ್ ಎಲ್ಲಿ ಕಡಿಯಿತು ಎಂದು ಹುಡುಕುವ ಕೆಲಸಕ್ಕಿಂತ ಮೈಕು ಹಿಡಿಯುವ ಕೆಲಸ ಎಷ್ಟೋ ವಾಸಿ ಎನಿಸಿತು. ಒಂದು ಕರಪತ್ರ ನಾನೇ ಬರೆದೆ. ಅದರಲ್ಲಿ ಮುಖ್ಯವಾದದ್ದು ಮಿಸ್ಡ್ ಕಾಲ್ ಮೋಸದ ವಿಷಯ. ಪರದೇಶದ ನಂಬರಿನಿಂದ ಒಂದೇ ರಿಂಗ್ ಕೊಟ್ಟು ಕತ್ತರಿಸುತ್ತಾರೆ. ಯಾರಿರಬಹುದು ಎಂಬ ಕುತೂಹಲಕ್ಕೆ ನಾವು ತಿರುಗಿ ಮಾಡಿದರೆ ಅದು ಐಎಸ್‌ಡಿ ಕರೆಯಾಗುತ್ತದೆ, ನಿಮಿಷಕ್ಕೆ ಹತ್ತಾರು ರೂಪಾಯಿ ಹೋಗುತ್ತದೆ, ಅದರಲ್ಲೊಂದು ಪಾಲು ಮೋಸಗಾರನಿಗೆ ಸೇರುತ್ತದೆ.

ಮೊದಲ ಕರಡಿನಲ್ಲಿ ನಾನು ಸರಿಯಾಗಿಯೇ ಬರೆದಿದ್ದೆ. ನಂಬರಿನ ಮುಂದೆ ಪ್ಲಸ್ ಗುರುತು ಇದ್ದು, ಅದರ ಪಕ್ಕದಲ್ಲಿ 91 ಬಿಟ್ಟು ಬೇರೆ ಅಂಕಿ ಇದ್ದರೆ ಅದು ಪರದೇಶದ್ದು, ಪ್ಲಸ್ 91 ಇದ್ದರೆ ನಮ್ಮ ದೇಶದ್ದು ಎಂದು. ಮಸ್ಕಿಯ ಪ್ರೆಸ್ಸಿನವನು ಅಷ್ಟು ಉದ್ದ ಬರೆದರೆ ಅಕ್ಷರ ಸಣ್ಣದಾಗುತ್ತದೆ, ಯಾರೂ ಓದುವುದಿಲ್ಲ ಎಂದ. ನನಗೂ ಹೌದೆನಿಸಿತು. ಚಿಕ್ಕದಾಗಿ ಹೇಳಿದ್ದು ನೆನಪಿರುತ್ತದೆ ಎಂದು ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡು, ಕೆಂಪು ದಪ್ಪಕ್ಷರದಲ್ಲಿ ಅದರ ಬದಲಿಗೆ ಒಂದೇ ಸಾಲು ಹಾಕಿಸಿದೆ: ಪ್ಲಸ್ ಕಂಡರೆ ಮುಟ್ಟಬೇಡಿ. ಕರಪತ್ರದ ಕೊನೆಯಲ್ಲಿ, ಅನುಮಾನ ಬಂದ ನಂಬರನ್ನು ಬ್ಲಾಕ್ ಮಾಡಿ ಎಂದಿತ್ತು.

ಗುರುಗುಂಟಾದ ಶಾಲೆಯ ಅಂಗಳದಲ್ಲಿ ನಡೆದ ಸಭೆ ನನ್ನ ಪ್ರಕಾರ ಅತ್ಯುತ್ತಮವಾಗಿತ್ತು. ಹೆಂಗಸರೇ ಹೆಚ್ಚು ಬಂದಿದ್ದರು. ನಾನು ಪ್ಲಸ್ ಕಂಡರೆ ಎಂದರೆ ಅವರು ಮುಟ್ಟಬ್ಯಾಡ್ರಿ ಎಂದು ಒಂದೇ ದನಿಯಲ್ಲಿ ಕೂಗುತ್ತಿದ್ದರು. ನನ್ನ ಜೊತೆ ಬಂದಿದ್ದ ಲೈನ್‌ಮನ್ ಖಾಜಾಸಾಬ್ ವಾಪಸು ಬರುವಾಗ ಜೀಪಿನಲ್ಲಿ, ಮೇಡಂ ಇವತ್ತು ನೀವು ಎಲೆಕ್ಷನ್ನಿಗೆ ನಿಂತಿದ್ದರೆ ಗೆದ್ದುಬಿಡುತ್ತಿದ್ದಿರಿ ಎಂದು ಕಾಲೆಳೆದ. ನಾನು ಅದನ್ನು ಹೊಗಳಿಕೆ ಎಂದೇ ಇಟ್ಟುಕೊಂಡೆ. ನಾನು ಹೇಳಿದ ಮಾತು ಆ ಊರಿನವರಿಗೆ ಇಷ್ಟು ನಾಟಿತಲ್ಲ ಎಂದು ವಾರವಿಡೀ ಖುಷಿಯಾಗಿದ್ದೆ.

ಅದಾಗಿ ಒಂದೂವರೆ ತಿಂಗಳಿಗೆ, ಒಂದು ದಿನ ಮಧ್ಯಾಹ್ನ ಊಟದ ಡಬ್ಬಿ ಮುಚ್ಚುವ ಹೊತ್ತಿಗೆ, ಒಬ್ಬ ಹೆಂಗಸು, ಅವಳ ಹಿಂದೆ ಒಬ್ಬ ಗಂಡಸು ನನ್ನ ಕೋಣೆಯ ಬಾಗಿಲಲ್ಲಿ ನಿಂತರು. ಹೆಂಗಸಿನ ಹೆಸರು ನಿಂಗಮ್ಮ, ಗುರುಗುಂಟಾದವಳು. ಜೊತೆಗಿದ್ದವನು ಅವಳ ಮೈದುನ ಯಮನೂರಪ್ಪ. ನಿಂಗಮ್ಮ ಸೆರಗಿನ ಗಂಟಿನಿಂದ ನನ್ನ ಕರಪತ್ರವನ್ನೇ ತೆಗೆದು ಮೇಜಿನ ಮೇಲಿಟ್ಟಳು. ಅದರ ಕೆಳಗೆ ನಮ್ಮ ಕಚೇರಿಯ ವಿಳಾಸವಿತ್ತು. ಅದನ್ನು ಹಿಡಿದುಕೊಂಡೇ ಕೇಳುತ್ತಾ ಬಂದಿದ್ದರು.

ಅವಳ ಗಂಡ ಬೀರಪ್ಪ ಕಾಣೆಯಾಗಿ ಎಂಟು ದಿನವಾಗಿತ್ತು. ಬೀರಪ್ಪನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತೂ ಇಲ್ಲ. ಕುರಿ ಕಾಯುವುದರಲ್ಲಿ ಅವನನ್ನು ಮೀರಿಸುವವರು ಆ ಸೀಮೆಯಲ್ಲಿಲ್ಲವಂತೆ. ಪ್ರತಿ ವರ್ಷ ಭತ್ತದ ಕಟಾವಾದ ಮೇಲೆ ಇವರ ಕಡೆಯ ಕುರಿಗಾರರು ಆಂಧ್ರದ ಕಾಲುವೆ ಸೀಮೆಗೆ ಮಂದೆ ಹೊಡೆದುಕೊಂಡು ಹೋಗುತ್ತಾರೆ. ಕೊಯ್ದ ಗದ್ದೆಯಲ್ಲಿ ಕುರಿ ಮೇಯುತ್ತವೆ, ರಾತ್ರಿ ಅವನ್ನು ಕೂಡಿಹಾಕಿದ ಹೊಲಕ್ಕೆ ಗೊಬ್ಬರವಾಗುತ್ತದೆ. ಈ ಸಲ ಮೂರು ಮನೆಯ ಕುರಿಗಳನ್ನು ಎರಡು ಲಾರಿಗಳಿಗೆ ತುಂಬಿಕೊಂಡು ನಂದ್ಯಾಲದ ಆಚೆಗಿನ ಆಳ್ಳಗಡ್ಡಕ್ಕೆ ಹೊರಟಿದ್ದರು. ದಾರಿಯಲ್ಲಿ ಕುರಿಗಳಿಗೆ ನೀರು ಕುಡಿಸಲು ಐದಾರು ಕಡೆ ನಿಲ್ಲಿಸಿದ್ದರು. ಇಳಿಸುವ ಜಾಗಕ್ಕೆ ಹೋಗಿ ನೋಡಿದರೆ ಬೀರಪ್ಪ ಇಲ್ಲ. ಮುಂದಿನ ಲಾರಿಯವರು ಅವನು ಹಿಂದಿನದರಲ್ಲಿದ್ದಾನೆ ಎಂದುಕೊಂಡಿದ್ದರು, ಹಿಂದಿನವರು ಮುಂದಿನದರಲ್ಲಿದ್ದಾನೆ ಎಂದುಕೊಂಡಿದ್ದರು. ಅವನ ಕಂಬಳಿ, ಅದರೊಳಗೆ ಸುತ್ತಿಟ್ಟ ಕೀಪ್ಯಾಡ್ ಫೋನು, ಆಧಾರ್ ಕಾರ್ಡು, ಎಲ್ಲ ಲಾರಿಯಲ್ಲೇ ಇದ್ದವು.

ಪೊಲೀಸರಿಗೆ ದೂರು ಕೊಟ್ಟಾಗಿತ್ತು. ಆದವಾನಿಯಲ್ಲಿ ಚಹಾ ಕುಡಿಯುವಾಗ ಅವನನ್ನು ನೋಡಿದ್ದೆ ಎಂದು ಒಬ್ಬ ಹೇಳಿದ್ದರಿಂದ ನೆಂಟರಿಷ್ಟರೆಲ್ಲ ಎಂಟು ದಿನವೂ ಆದವಾನಿ, ಸಿರುಗುಪ್ಪ, ಸಿಂಧನೂರಿನ ಬಸ್‌ಸ್ಟ್ಯಾಂಡುಗಳನ್ನೇ ಜಾಲಾಡಿದ್ದರು. ಈಗ ನಿಂಗಮ್ಮ ನನ್ನ ಹತ್ತಿರ ಬಂದದ್ದು ಫೋನಿನ ಲೊಕೇಶನ್ ನೋಡಿ ಗಂಡನನ್ನು ಹುಡುಕಿಕೊಡಿ ಎಂದು ಕೇಳಲು. ಫೋನೇ ಕಂಬಳಿಯಲ್ಲಿರುವಾಗ ಲೊಕೇಶನ್ ನೋಡಿದರೆ ಕಂಬಳಿ ಸಿಗುತ್ತದೆ, ಗಂಡ ಸಿಗುವುದಿಲ್ಲ. ಇದನ್ನು ಅವಳಿಗೆ ಹೇಗೆ ಹೇಳುವುದು ಎಂದು ತಿಳಿಯದೆ ನೀರಿನ ಗ್ಲಾಸನ್ನು ಅವಳ ಮುಂದಿಟ್ಟೆ. ಅವಳು ಅಳುತ್ತಿರಲಿಲ್ಲ. ಅಳುವುದನ್ನು ಮುಗಿಸಿ ಬಂದವಳಂತಿದ್ದಳು.

ಕೇಳಬೇಕಾದ್ದೇನೋ ಇದೆ ಎನಿಸಿ ಒಂದು ಪ್ರಶ್ನೆ ಕೇಳಿದೆ. ಮಾತು ಬಾರದ, ಕಿವಿ ಕೇಳದ ಮನುಷ್ಯ ಫೋನನ್ನು ಯಾಕೆ ಇಟ್ಟುಕೊಂಡಿದ್ದ? ಆಗ ನಿಂಗಮ್ಮನ ಮುಖದಲ್ಲಿ ಮೊದಲ ಸಲ ಸ್ವಲ್ಪ ಬೆಳಕು ಬಂತು. ಅವರಿಬ್ಬರ ನಡುವೆ ಒಂದು ಲೆಕ್ಕಾಚಾರವಿತ್ತು. ಮಂದೆಯ ಜೊತೆ ಹೋದಾಗ ಬೀರಪ್ಪ ದಿನಾ ಹೊತ್ತು ಮುಳುಗುವಾಗ ಮನೆಗೆ ಮಿಸ್ಡ್ ಕಾಲ್ ಕೊಡುತ್ತಿದ್ದ. ಒಂದು ಕೊಟ್ಟರೆ ಅರಾಮಿದ್ದೇನೆ ಎಂದು. ಎರಡು ಕೊಟ್ಟರೆ ಹಟ್ಟಿ ಬೇರೆ ಜಾಗಕ್ಕೆ ಹೋಯಿತು ಎಂದು. ಮೂರು ಕೊಟ್ಟರೆ ನೀನು ಬಾ ಎಂದು. ಹಾಗೆ ಮೂರು ಬಂದಾಗ ಅವಳು ತಿರುಗಿ ಮೂರು ಕೊಟ್ಟರೆ ಹೊರಟೆ ಎಂದು ಅರ್ಥ. ಅಂಗಿಯ ಜೇಬಿನಲ್ಲಿ ಫೋನು ನಡುಗುವುದನ್ನು ಅವನು ಎಣಿಸುತ್ತಿದ್ದ. ಹದಿನೈದು ವರ್ಷದಿಂದ ಹೀಗೇ ನಡೆದಿತ್ತು. ಯಾವ ಕಂಪನಿಗೂ ಅವರು ಇದಕ್ಕೆ ಒಂದು ಪೈಸೆ ಕೊಟ್ಟಿರಲಿಲ್ಲ, ಯಾಕೆಂದರೆ ಎತ್ತದ ಕರೆಗೆ ಶುಲ್ಕವಿಲ್ಲ. ನಮ್ಮ ದರಪಟ್ಟಿಯನ್ನು ಇಷ್ಟು ಚೆನ್ನಾಗಿ ಬಳಸಿಕೊಂಡ ಗಂಡ ಹೆಂಡತಿಯನ್ನು ನಾನು ಬೇರೆಲ್ಲೂ ನೋಡಿಲ್ಲ.

ಅವನಿಗೆ ಮನೆಯ ನಂಬರು ಬಾಯಿಪಾಠವೇ, ಅಂದರೆ ಬೆರಳುಪಾಠವೇ ಎಂದು ಕೇಳಿದೆ. ನಿದ್ದೆಯಲ್ಲಿ ಕೇಳಿದರೂ ಬೆರಳಿನಲ್ಲಿ ತೋರಿಸುತ್ತಾನೆ ಎಂದಳು. ಹಾಗಾದರೆ ಬೇರೆ ಯಾರದಾದರೂ ಫೋನಿನಿಂದ ಮಿಸ್ಡ್ ಕಾಲ್ ಕೊಟ್ಟಿರಬಹುದಲ್ಲ, ಈ ಎಂಟು ದಿನದಲ್ಲಿ ಹೊಸ ನಂಬರಿನಿಂದ ಏನಾದರೂ ಬಂದಿತ್ತೇ ಎಂದೆ. ನಿಂಗಮ್ಮ ಬಹಳ ಭರವಸೆಯಿಂದ ನನ್ನನ್ನೇ ನೋಡಿ ಉತ್ತರ ಕೊಟ್ಟಳು.

"ಇಲ್ಲ ಮೇಡಂ. ನೀವು ಹೇಳಿದ್ದನ್ನ ತಪ್ಪದಾಂಗ ಮಾಡೀವ್ರಿ. ಪ್ಲಸ್ ಇದ್ದದ್ದು ಒಂದೂ ಮುಟ್ಟಿಲ್ಲ."

ಇದನ್ನು ಓದುತ್ತಿರುವ ನೀವೂ ನಿಮ್ಮ ಮೊಬೈಲನ್ನು ತೆಗೆದು ನೋಡಿ. ಹೆಸರು ಸೇವ್ ಮಾಡದ ಯಾವ ನಂಬರಿನಿಂದ ಕರೆ ಬಂದರೂ, ಅದು ಪಕ್ಕದ ಬೀದಿಯಿಂದ ಬಂದರೂ, ಸಾಮಾನ್ಯವಾಗಿ ಪ್ಲಸ್ 91 ಎಂದೇ ತೋರಿಸುತ್ತದೆ. 91 ನಮ್ಮ ದೇಶದ ಅಂಕಿ. ನಾನು ಅಕ್ಷರ ದಪ್ಪ ಮಾಡಲಿಕ್ಕೆಂದು ಕತ್ತರಿಸಿ ಎಸೆದದ್ದು ಇದೇ ಮಾತನ್ನು. ಈ ಬಡ ಹೆಂಗಸು ನನ್ನ ಮಾತನ್ನು ನಂಬಿ ಇಡೀ ದೇಶವನ್ನೇ ಪರದೇಶ ಮಾಡಿಕೊಂಡು ಕೂತಿದ್ದಳು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಫೋನು ಇಸಿದುಕೊಂಡೆ. ಅದು ಯಮನೂರಪ್ಪ ಬಳಸಿ ಕೊಟ್ಟ ಹಳೆಯ ಟಚ್ ಫೋನು. ಅವನು ಹಿಂದಿನಿಂದ ಗಂಟಲು ಸರಿಮಾಡಿಕೊಂಡು ಒಂದು ವಿಷಯ ಹೇಳಿದ. ಅಣ್ಣ ಲಾರಿ ಹತ್ತಿದ ದಿನ ಸಂಜೆ, ಅವನು ಕಾಣೆಯಾದ ಸುದ್ದಿ ಇನ್ನೂ ಬಂದಿರದ ಹೊತ್ತಿನಲ್ಲಿ, ಅತ್ತಿಗೆಯ ಫೋನಿಗೆ ಪ್ಲಸ್ ಇದ್ದ ಒಂದು ನಂಬರಿನಿಂದ ಮೂರು ಮಿಸ್ಡ್ ಕಾಲ್ ಬಂದಿದ್ದವು. ಪ್ಲಸ್ ಮುಟ್ಟಬಾರದು ಎಂದು ಅದನ್ನೂ ಪಕ್ಕದ 91ನ್ನೂ ಬಿಟ್ಟು, ಉಳಿದ ಹತ್ತಂಕಿ ಒತ್ತಿ ನೋಡಿದ್ದ. ಈ ನಂಬರು ಸರಿಯಿಲ್ಲ, ಪರೀಕ್ಷಿಸಿ ಎಂದು ಹೆಂಗಸಿನ ದನಿ ಬಂತು. ಮೋಸದ ನಂಬರೇ ಸೈ ಎಂದು ಖಾತ್ರಿ ಮಾಡಿಕೊಂಡು, ನಮ್ಮ ಕರಪತ್ರದ ಕೊನೆಯ ಸಾಲಿನಲ್ಲಿ ಹೇಳಿದ ಪ್ರಕಾರ ಬ್ಲಾಕ್ ಮಾಡಿದ್ದ. ಬ್ಲಾಕ್ ಮಾಡಿದ ಮೇಲೆ ರಿಂಗೇ ಆಗಲಿಲ್ಲ. ಅಷ್ಟರಲ್ಲಿ ಆಳ್ಳಗಡ್ಡದಿಂದ ಸುದ್ದಿ ಬಂದು ಮನೆಯಲ್ಲಿ ಗದ್ದಲವಾಯಿತು, ಎಲ್ಲರೂ ಅದನ್ನು ಮರೆತೇಬಿಟ್ಟರು.

ಬ್ಲಾಕ್ ಆದ ಕರೆಗಳ ಪಟ್ಟಿ ತೆರೆದೆ. ಅಲ್ಲಿ ಒಂದೇ ನಂಬರು ಸಾಲಾಗಿ ನಿಂತಿತ್ತು. ನಿನ್ನೆ ಸಂಜೆ ಮೂರು. ಮೊನ್ನೆ ಸಂಜೆ ಮೂರು. ಅದರ ಹಿಂದಿನ ದಿನ ಮೂರು. ಎಲ್ಲವೂ ಆರು ಗಂಟೆಯ ಆಸುಪಾಸಿನಲ್ಲಿ, ಎಲ್ಲವೂ ಮೂರು ಮೂರು. ಅಷ್ಟರಲ್ಲಿ ಒಳಗೆ ಬಂದು ನನ್ನ ಹೆಗಲ ಮೇಲಿನಿಂದ ಬಗ್ಗಿ ನೋಡುತ್ತಿದ್ದ ಖಾಜಾಸಾಬ್ ಕನ್ನಡಕ ಏರಿಸಿಕೊಂಡ.

"ಇದು ಚೋರ್ ನಂಬರ್ ಅಲ್ರಿ ಮೇಡಂ. ಚೋರರು ಹಿಂಗ ದಿನಾ ಟೈಮಿಗೆ ಸರಿಯಾಗಿ ಡ್ಯೂಟಿ ಮಾಡಂಗಿಲ್ಲ."

ನಂಬರನ್ನು ನೋಡಿದ ಕೂಡಲೇ ನನಗೆ ಗುರುತು ಹತ್ತಿತು. ಪ್ಲಸ್ 91, ಆಮೇಲೆ 8514, ಆಮೇಲೆ ಎರಡರಿಂದ ಶುರುವಾಗುವ ಆರಂಕಿ. ಎಂಟರಿಂದ ಶುರುವಾದ ಹತ್ತಂಕಿ ಎಂದರೆ ಯಾರಾದರೂ ಮೊಬೈಲ್ ಎಂದುಕೊಳ್ಳುತ್ತಾರೆ. ಅಲ್ಲೇ ಯಮನೂರಪ್ಪ ಎಡವಿದ್ದ. ಅದು ಮೊಬೈಲ್ ಅಲ್ಲ, ಲ್ಯಾಂಡ್‌ಲೈನ್. ನಮ್ಮ ಸಿಂಧನೂರಿನ 8535, ಲಿಂಗಸುಗೂರಿನ 8537 ಇದ್ದಹಾಗೆ ಅದು ನಂದ್ಯಾಲದ 8514. ಲ್ಯಾಂಡ್‌ಲೈನಿಗೆ ಮೊಬೈಲಿನಿಂದ ಮಾಡುವಾಗ ಪ್ಲಸ್ 91 ಬಿಟ್ಟರೆ ಅದರ ಬದಲಿಗೆ ಮುಂದೆ ಸೊನ್ನೆ ಹಾಕಬೇಕು. ಸೊನ್ನೆ ಇಲ್ಲದಿದ್ದರೆ ಯಂತ್ರಕ್ಕೆ ಅದು ಯಾವುದೋ ಇಲ್ಲದ ಮೊಬೈಲು. ಪ್ಲಸ್ಸಿಗೆ ಹೆದರಿ ಬಿಟ್ಟದ್ದು ಅವನ ತಪ್ಪಲ್ಲ, ಸೊನ್ನೆಯ ವಿಷಯ ಅವನಿಗೆ ಹೇಳಿದವರೂ ಯಾರೂ ಇಲ್ಲ. ನನ್ನ ಕರಪತ್ರದಲ್ಲಿ ಅದಕ್ಕೂ ಜಾಗವಿರಲಿಲ್ಲ.

ನಂದ್ಯಾಲ ಎಂದೆ. ಲಾರಿ ಆ ಊರಿನ ಮೇಲೆ ಹೋಗಿದ್ದು ಹೌದು ಎಂದ ಯಮನೂರಪ್ಪ. ಎಂಟು ದಿನದಿಂದ ಹುಡುಕಿದ ಊರುಗಳಲ್ಲಿ ಅದು ಇರಲೇ ಇಲ್ಲ. ನಾನು ನಿಂಗಮ್ಮನ ಕಡೆ ತಿರುಗಿ, ತಪ್ಪು ನನ್ನದಮ್ಮ, ನಾನು ಅರ್ಧ ಮಾತು ಬರೆಸಿದೆ ಎಂದು ಶುರು ಮಾಡಿದೆ. ಅವಳು ಕೈ ಅಡ್ಡ ತಂದಳು.

"ಅದನ್ನ ಆಮ್ಯಾಲ ಹೇಳ್ರಿ ಮೇಡಂ. ಮೊದಲ ಫೋನ್ ಹಚ್ರಿ."

ಕಚೇರಿಯ ಲ್ಯಾಂಡ್‌ಲೈನಿನಿಂದ ಸೊನ್ನೆ ಹಚ್ಚಿ, 8514 ಹಚ್ಚಿ, ಉಳಿದದ್ದು ಒತ್ತಿದೆ. ನಾಲ್ಕನೇ ರಿಂಗಿಗೆ ಎತ್ತಿದರು. ಆ ಕಡೆ ದೊಡ್ಡ ಯಂತ್ರದ ಸದ್ದು. ನಾನು ಸಿಂಧನೂರಿನವಳು, ನಮ್ಮ ಓಣಿಯ ಆಚೆಯೇ ಆಂಧ್ರದಿಂದ ಬಂದವರ ಕ್ಯಾಂಪು ಇದ್ದದ್ದರಿಂದ ತೆಲುಗು ನನಗೆ ಆಟದ ಜೊತೆಗೇ ಬಂದದ್ದು. ಮಾತಾಡಿದವನು ನಂದ್ಯಾಲದ ಹೊರಗಿನ ಒಂದು ಅಕ್ಕಿ ಗಿರಣಿಯ ಗುಮಾಸ್ತ. ಮಾತು ಬಾರದ, ಎತ್ತರದ, ಕಂಬಳಿಯಿಲ್ಲದ ಒಬ್ಬ ಕುರುಬ ನಿಮ್ಮಲ್ಲಿದ್ದಾನೆಯೇ ಎಂದು ಕೇಳಿದೆ. ಆತ ಯಂತ್ರ ನಿಲ್ಲಿಸಿರೋ ಎಂದು ಯಾರಿಗೋ ಹೇಳಿದ. ಸದ್ದು ನಿಂತಿತು. ಆಮೇಲೆ, ನೀವು ಯಾರಮ್ಮಾ, ಇಷ್ಟು ದಿನ ಎಲ್ಲಿದ್ದಿರಿ ಎಂದು ನನಗೇ ಜೋರು ಮಾಡಿದ.

ನಾನು ನಿಂಗಮ್ಮನನ್ನು ನೋಡಿ ತಲೆಯಾಡಿಸಿದೆ. ಅವಳು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು. ಯಮನೂರಪ್ಪ ಗೋಡೆಯ ಕಡೆ ಮುಖ ಮಾಡಿಕೊಂಡು ನಿಂತ. ಖಾಜಾಸಾಬ್ ಎರಡೂ ಕೈ ಮೇಲೆತ್ತಿ ಏನೋ ಹೇಳಿಕೊಂಡ. ನನಗೆ ಕಣ್ಣು ತುಂಬಿ ಬಂದು, ತೆಲುಗು ಕನ್ನಡ ಎಲ್ಲ ಕಲಸಿಹೋಯಿತು.

ಗುಮಾಸ್ತ ಹೇಳಿದ ಕಥೆ ಇಷ್ಟು. ಗಿರಣಿಯ ಮುಂದಿನ ತೊಟ್ಟಿಯಲ್ಲಿ ಕುರಿಗಳಿಗೆ ನೀರು ಕುಡಿಸಿದ್ದರು. ಒಂದು ಮರಿ ಗಿರಣಿಯ ಹಿಂದಕ್ಕೆ ಓಡಿತ್ತು, ಬೀರಪ್ಪ ಅದರ ಬೆನ್ನು ಹತ್ತಿ ಹೋಗಿದ್ದ. ಮರಿಯನ್ನು ಹೆಗಲ ಮೇಲೆ ಹಾಕಿಕೊಂಡು ಬರುವುದರೊಳಗೆ ಲಾರಿಗಳು ಹೋಗಿದ್ದವು. ಹಾರ್ನ್ ಹೊಡೆದಿದ್ದರು, ಆದರೆ ಅವನಿಗೆ ಅದು ಕೇಳುವುದಾದರೂ ಹೇಗೆ? ಗುಮಾಸ್ತನ ಮೇಜಿನ ಮೇಲೆ ಫೋನು ಕಂಡು ಬೆರಳುಗಳಿಂದ ಹತ್ತಂಕಿ ತೋರಿಸಿದ. ಗುಮಾಸ್ತ ಹೊಸ ನಿಯಮ ಬಲ್ಲವನು, ಮುಂದೆ ಸೊನ್ನೆ ಸೇರಿಸಿ ಒತ್ತಿದ. ರಿಂಗ್ ಆಗುತ್ತಿದೆ ಎಂದು ಸನ್ನೆ ಮಾಡಿದ್ದೇ ತಡ, ಬೀರಪ್ಪ ಒಂದು ಬೆರಳು ಮಡಚಿ ಫೋನನ್ನು ಕಟ್ ಮಾಡಿಬಿಟ್ಟ. ಹೀಗೆ ಮೂರು ಸಲ. ಗುಮಾಸ್ತನಿಗೆ ತಲೆಬುಡ ತಿಳಿಯಲಿಲ್ಲ. ತಾನೇ ಮಾತಾಡೋಣವೆಂದು ಮರುದಿನ ಮಾಡಿದರೆ ಬಿಜಿ ಸದ್ದು ಬಂತು, ಬ್ಲಾಕ್ ಆದ ನಂಬರಿಗೆ ಬರುವ ಸದ್ದು ಅದು. ಆದರೂ ಬೀರಪ್ಪ ಬಿಡಲಿಲ್ಲ. ದಿನಾ ಹೊತ್ತು ಮುಳುಗುವಾಗ ಬಂದು ನಿಲ್ಲುತ್ತಾನೆ, ಮೂರು ಸಲ ಮಾಡಿಸುತ್ತಾನೆ, ಆಮೇಲೆ ಗೇಟಿಗೆ ಹೋಗಿ ದಾರಿ ನೋಡುತ್ತಾ ಕೂರುತ್ತಾನೆ.

ಹಾಗೆ ಕತ್ತರಿಸಿದ್ದು ಯಾಕೆ ಎಂದು ಗುಮಾಸ್ತ ಕೇಳಿದ. ನಿಮ್ಮ ಫೋನಿಗೆ ಖರ್ಚು ಬೀಳಬಾರದೆಂದು ಎಂದು ನಾನು ಹೇಳಿದೆ. ಬೇರೆಯವರ ಮನೆಯ ಫೋನಿನಲ್ಲಿ ಪುಕ್ಕಟೆಯಾದದ್ದನ್ನು ಮಾತ್ರ ಬಳಸುವ ಮರ್ಯಾದೆ ಅದು. ಬಂಗಾರು ಮನಿಷಿ, ಬಂಗಾರದಂಥ ಮನುಷ್ಯ, ಎಂದ ಗುಮಾಸ್ತ. ಕೂಲಿ ಕೇಳದೆ ಭತ್ತ ಹರವುತ್ತಾನೆ, ಮರಿಯನ್ನು ಮಗುವಿನ ಹಾಗೆ ನೋಡುತ್ತಾನೆ, ಇಲ್ಲಿಂದ ಕಳಿಸಲು ನಮಗೇ ಮನಸ್ಸಿಲ್ಲ ಎಂದೂ ಹೇಳಿದ.

ಇನ್ನು ಉಳಿದದ್ದು ಬೀರಪ್ಪನಿಗೆ ಸುದ್ದಿ ಮುಟ್ಟಿಸುವುದು. ಗುಮಾಸ್ತ ಸನ್ನೆ ಮಾಡಿ ಹೇಳುತ್ತೇನೆ ಎಂದ. ನಿಂಗಮ್ಮ ಬೇಡ ಎಂದಳು. ಎಂಟು ದಿನದಿಂದ ಅವರು ಇವತ್ತು ಬರುತ್ತಾರೆ, ನಾಳೆ ಬರುತ್ತಾರೆ ಎಂದು ಸನ್ನೆ ಮಾಡಿಯೇ ಮಾಡಿರುತ್ತಾರೆ, ಅವನು ಅದನ್ನು ನಂಬುವುದಿಲ್ಲ, ನಾನೇ ಹೇಳಬೇಕು ಎಂದಳು. ಕಿವಿ ಕೇಳದವನಿಗೆ, ಜೇಬಿನಲ್ಲಿ ನಡುಗುವ ಫೋನೂ ಇಲ್ಲದವನಿಗೆ, ಇಲ್ಲಿಂದ ಹೇಗೆ ಹೇಳುವುದು? ಇಷ್ಟು ವರ್ಷ ದೂರವಾಣಿಯಲ್ಲಿ ಕೆಲಸ ಮಾಡಿದ ನನಗೆ ಹೊಳೆಯಲಿಲ್ಲ. ಹೊಳೆದದ್ದು ಖಾಜಾಸಾಬನಿಗೆ. ಅವನು ಹಳೆಯ ಫೋನ್ ಪೆಟ್ಟಿಗೆಗಳನ್ನು ಬಿಚ್ಚಿ ಜೋಡಿಸುತ್ತಲೇ ಮುದುಕನಾದವನು. ಆ ಗಿರಣಿಯ ಫೋನು ಯಾವ ಕಾಲದ್ದು ಎಂದು ಕೇಳಿ ಎಂದ. ಬಹಳ ಹಳೆಯದು, ಒಳಗೆ ಲೋಹದ ಗಂಟೆ ಇದೆ, ಗಿರಣಿಯ ಸದ್ದಿನಲ್ಲಿ ಬೇರೆ ಯಾವುದೂ ಕೇಳುವುದಿಲ್ಲವೆಂದು ಬದಲಿಸಿಲ್ಲ ಎಂದು ಗುಮಾಸ್ತ ಹೇಳಿದ. ಲೋಹದ ಗಂಟೆ ಹೊಡೆದರೆ ಫೋನಿನ ಪೆಟ್ಟಿಗೆಯೇ ನಡುಗುತ್ತದೆ ಎಂದ ಖಾಜಾಸಾಬ್. ಹಾಗಿದ್ದರೆ ಬೀರಪ್ಪನನ್ನು ಕರೆದು, ಅವನ ಅಂಗೈಯನ್ನು ಫೋನಿನ ಬೆನ್ನ ಮೇಲೆ ಇಡಿಸಿ, ಗಂಟೆ ಹೊಡೆದರೆ ಯಾರೂ ಎತ್ತಬೇಡಿ ಎಂದೆ.

ನಿಂಗಮ್ಮನ ಫೋನಿನಲ್ಲಿ ಆ ನಂಬರಿನ ಬ್ಲಾಕ್ ತೆಗೆದೆ. ಮುಂದೆ ಸೊನ್ನೆ ಹಾಕಿ ಕೊಟ್ಟೆ. ಒತ್ತುವ ಮೊದಲು ಅವಳ ಬೆರಳು ನಿಂತಿತು.

"ಆಂಧ್ರಕ್ಕ ಎಸ್‌ಟಿಡಿ ಆಗತೈತಲ್ರಿ, ಎಷ್ಟ ಕಟ್ ಆಗತೈತ್ರಿ?"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಈಗಿನ ಪ್ಲಾನುಗಳಲ್ಲಿ ದೇಶದೊಳಗೆ ಎಲ್ಲಿಗೆ ಮಾಡಿದರೂ ಒಂದೇ, ಮಸ್ಕಿಗೂ ನಂದ್ಯಾಲಕ್ಕೂ ಬೆಲೆ ಬೇರೆಯಿಲ್ಲ, ನೀನು ತಿಂಗಳಿಗೆ ಹಾಕಿಸುವ ರೀಚಾರ್ಜಿನಲ್ಲೇ ಅದೆಲ್ಲ ಬಂತು ಎಂದು ವಿವರಿಸಿದೆ. ಅಷ್ಟಕ್ಕೂ ಇದನ್ನು ಯಾರೂ ಎತ್ತುವುದಿಲ್ಲ, ಎತ್ತದ ಕರೆಗೆ ಯಾವ ಕಾಲದಲ್ಲೂ ದುಡ್ಡಿಲ್ಲ ಎಂದೆ. ಅದು ತನಗೆ ಗೊತ್ತಿರುವ ವಿಷಯವೇ ಆದ್ದರಿಂದ ಅವಳಿಗೆ ಧೈರ್ಯ ಬಂತು.

ಒತ್ತಿದಳು. ರಿಂಗ್ ಆಯಿತು, ಕತ್ತರಿಸಿದಳು. ಮತ್ತೆ ಒತ್ತಿದಳು, ಕತ್ತರಿಸಿದಳು. ಮೂರನೆಯದು ಒತ್ತುವಾಗ ಅವಳ ತುಟಿ ಅಲುಗುತ್ತಿತ್ತು. ಕತ್ತರಿಸಿ ಫೋನನ್ನು ಮಡಿಲಲ್ಲಿಟ್ಟುಕೊಂಡಳು. ಕೋಣೆಯಲ್ಲಿ ನಾಲ್ಕೂ ಜನ ಆ ಫೋನನ್ನೇ ನೋಡುತ್ತಾ ಕೂತೆವು. ನನಗೆ ಅದು ಒಂದು ಗಂಟೆಯಷ್ಟು ಉದ್ದವಾಗಿ ಕಂಡಿತು, ಒಂದೆರಡು ನಿಮಿಷವಷ್ಟೇ ಆಗಿರಬೇಕು.

ಆಮೇಲೆ ಅವಳ ಫೋನು ಬಡಿದುಕೊಂಡಿತು. ಪ್ಲಸ್ 91, 8514. ಒಂದು ಸಲ ಬಡಿದು ನಿಂತಿತು. ಎರಡನೆಯದಕ್ಕೆ ಕಾದೆವು, ಬರಲಿಲ್ಲ. ನಾನು ಗಾಬರಿಯಾಗಿ ನಿಂಗಮ್ಮನ ಮುಖ ನೋಡಿದೆ. ಅವಳು ಎರಡೂ ಕೈಯಲ್ಲಿ ಆ ಫೋನು ಹಿಡಿದುಕೊಂಡು, ಎಂಟು ದಿನದಲ್ಲಿ ಮೊದಲ ಸಲ, ಹಲ್ಲು ಕಾಣುವಂತೆ ನಗುತ್ತಿದ್ದಳು.

"ಒಂದ ಕೊಟ್ಟಾನ್ರಿ ಮೇಡಂ. ಅರಾಮ ಅದಾನ."

ಸ್ವಲ್ಪ ಹೊತ್ತಿಗೆ ಗುಮಾಸ್ತ ನಮ್ಮ ಕಚೇರಿಗೆ ಫೋನ್ ಮಾಡಿದ. ಮೊದಲ ಗಂಟೆಗೆ ಬೀರಪ್ಪ ಕೈ ಹಿಂದಕ್ಕೆ ಎಳೆದುಕೊಂಡನಂತೆ. ಎರಡನೆಯದಕ್ಕೆ ಎರಡೂ ಅಂಗೈ ಇಟ್ಟನಂತೆ. ಮೂರನೆಯದಕ್ಕೆ ಕೆನ್ನೆಯನ್ನೇ ಫೋನಿಗೆ ಒತ್ತಿ ಹಿಡಿದನಂತೆ. ಆಮೇಲೆ ಗುಮಾಸ್ತನನ್ನು ಎತ್ತಿಕೊಂಡು ಭತ್ತದ ರಾಶಿಯ ಸುತ್ತ ಒಂದು ಸುತ್ತು ತಿರುಗಿದನಂತೆ. ಗುಮಾಸ್ತ ತುಂಬ ದಪ್ಪಗಿದ್ದವನು ಎಂದು ನಮಗೆ ಆಮೇಲೆ ತಿಳಿಯಿತು. ನನ್ನ ಮೂವತ್ತು ವರ್ಷದ ಸರ್ವೀಸಿನಲ್ಲಿ ನಾನು ಹಾಕಿಕೊಟ್ಟ ಅತ್ಯಂತ ದೊಡ್ಡ ಕರೆ ಅದು, ಅದರ ಬಿಲ್ಲು ಸೊನ್ನೆ.

ಆ ರಾತ್ರಿಯೇ ನಿಂಗಮ್ಮ ಮತ್ತು ಯಮನೂರಪ್ಪ ಹೊರಟು, ಮರುದಿನ ಅವನನ್ನು ಕರೆತಂದರು. ಮರಿಯೂ ಬಸ್ಸಿನಲ್ಲೇ ಬಂತು, ಕಂಡಕ್ಟರ್ ಅದಕ್ಕೆ ಟಿಕೆಟ್ ಕೊಡಲು ನೋಡಿದ್ದಕ್ಕೆ ನಿಂಗಮ್ಮ ಜಗಳವಾಡಿದಳಂತೆ. ದಾರಿಯಲ್ಲಿ ಲಿಂಗಸುಗೂರಿನಲ್ಲಿ ಇಳಿದು, ಮೂವರೂ ನಮ್ಮ ಕಚೇರಿಗೆ ಬಂದು ಹೋದರು. ಬೀರಪ್ಪ ನನ್ನ ಮೇಜಿನ ಮೇಲಿನ ಫೋನನ್ನು ಒಮ್ಮೆ ಸವರಿ, ನನ್ನ ಕಡೆ ನೋಡಿ ತಲೆಯಾಡಿಸಿದ. ನಾನು ಉಳಿದಿದ್ದ ಕರಪತ್ರಗಳ ಕಟ್ಟನ್ನು ಆ ಸಂಜೆಯೇ ಖಾಜಾಸಾಬನ ಕೈಗೆ ಕೊಟ್ಟು ಚಹಾದಂಗಡಿಯ ಒಲೆಗೆ ಕಳಿಸಿದೆ.

ಹೊಸ ಕರಪತ್ರದಲ್ಲಿ ಅಕ್ಷರ ಸಣ್ಣದೇ ಇತ್ತು. ಪ್ಲಸ್ 91 ನಮ್ಮದು, ಹೆದರಬೇಡಿ, ಅದಕ್ಕೆ ಮಾಡಿದರೆ ನಿಮ್ಮ ಪ್ಲಾನಿನಲ್ಲೇ ಬರುತ್ತದೆ. ಪ್ಲಸ್ಸಿನ ಪಕ್ಕ ಬೇರೆ ಅಂಕಿಯಿದ್ದರೆ ಪರದೇಶ, ತಿರುಗಿ ಮಾಡಿದರೆ ದುಬಾರಿ. ಪ್ಲಸ್ 91 ತೆಗೆದು ಲ್ಯಾಂಡ್‌ಲೈನಿಗೆ ಮಾಡುವಾಗ ಸೊನ್ನೆ ಹಾಕಿ. 1800ರಿಂದ ಶುರುವಾದರೆ ಪುಕ್ಕಟೆ, 1860ರಿಂದ ಶುರುವಾದರೆ ಪುಕ್ಕಟೆಯಲ್ಲ. ನಿಮ್ಮವರು ಯಾರಾದರೂ ದೂರ ಹೋಗಿದ್ದರೆ ಬ್ಲಾಕ್ ಮಾಡುವ ಮೊದಲು ಒಂದು ಸಲ ಯೋಚಿಸಿ. ಪ್ರೆಸ್ಸಿನವನು ಮತ್ತೆ ಉದ್ದವಾಯಿತು ಎಂದ. ಉದ್ದವೇ ಇರಲಿ ಎಂದೆ. ಒಂದು ನಿಯಮವನ್ನು ಹೇಳುವವರು ಅದು ಎಲ್ಲಿ ಹೊಂದುವುದಿಲ್ಲ ಎನ್ನುವುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು ಎಂಬುದನ್ನು ನನ್ನ ಕೆಲಸ ನನಗೆ ಕಲಿಸಲು ಇಷ್ಟು ತಡಮಾಡಿತು. ಜನ ನಮ್ಮ ಮಾತು ಕೇಳುವುದಿಲ್ಲ ಎಂದು ಅಧಿಕಾರಿಗಳು ಗೊಣಗುತ್ತೇವೆ. ಅವರು ಪೂರ್ತಿಯಾಗಿ ಕೇಳಿದಾಗ ಏನಾಗುತ್ತದೆ ಎಂದು ನೋಡಿದ ಮೇಲೆ ನಾನು ಮೈಕು ಹಿಡಿಯುವ ಮೊದಲು ಎರಡು ಸಲ ಯೋಚಿಸತೊಡಗಿದೆ.

ಗುರುಗುಂಟಾದ ಶಾಲೆಯ ಅಂಗಳದಲ್ಲಿ ಮತ್ತೆ ಸಭೆ ಮಾಡಿದೆವು. ಮೊದಲು ನನ್ನ ತಪ್ಪನ್ನು ಒಪ್ಪಿಕೊಂಡೆ. ಆಮೇಲೆ ಪ್ಲಸ್ 91ರ ವಿಷಯ ವಿವರಿಸಲು ಶುರುಮಾಡಿದೆ. ಹತ್ತು ನಿಮಿಷ ಮಾತಾಡಿದರೂ ಹಿಂದಿನ ಸಾಲಿನ ಹೆಂಗಸರ ಮುಖದಲ್ಲಿ ಅನುಮಾನ ಹೋಗಲಿಲ್ಲ. ಒಮ್ಮೆ ಮುಟ್ಟಬೇಡಿ ಎಂದವಳು ಈಗ ಮುಟ್ಟಿ ಎಂದರೆ ಯಾರು ತಾನೇ ನಂಬುತ್ತಾರೆ? ಆಗ ಮುಂದಿನ ಸಾಲಿನಿಂದ ಬೀರಪ್ಪ ಎದ್ದು ನನ್ನ ಪಕ್ಕಕ್ಕೆ ಬಂದು ನಿಂತ. ಎರಡು ತೋರುಬೆರಳುಗಳನ್ನು ಒಂದರ ಮೇಲೊಂದು ಅಡ್ಡ ಇಟ್ಟು ಪ್ಲಸ್ ಮಾಡಿ ಎಲ್ಲರಿಗೂ ತೋರಿಸಿದ. ಒಂಬತ್ತು ಬೆರಳು ಎತ್ತಿದ. ಆಮೇಲೆ ಒಂದು ಬೆರಳು ಎತ್ತಿದ. ಕೊನೆಗೆ ಅಂಗೈಯನ್ನು ತನ್ನ ಎದೆಯ ಮೇಲಿಟ್ಟುಕೊಂಡು ನಿಂಗಮ್ಮನ ಕಡೆ ನೋಡಿದ. ಅಂಗಳದ ಹೆಂಗಸರು ಒಬ್ಬೊಬ್ಬರಾಗಿ ಬೆರಳುಗಳನ್ನು ಅಡ್ಡ ಇಟ್ಟು, ಒಂಬತ್ತು ಎತ್ತಿ, ಒಂದು ಎತ್ತಿ, ಅಂಗೈಯನ್ನು ಎದೆಯ ಮೇಲಿಟ್ಟುಕೊಂಡರು. ನಾನು ಮೈಕನ್ನು ಕೆಳಗಿಟ್ಟು ಅವರ ಜೊತೆ ಹಾಗೇ ಮಾಡಿದೆ.